ದನ, ಬೇಲಿ, ಮೇವು

ಪರಊರಿನಲ್ಲಿ ಇಪ್ಪತ್ತು ವರ್ಷ ಕಳೆದವನನ್ನು ಊರಿನ ಜನ ಕೇಳುವ ಪ್ರಶ್ನೆಗಳು ಎರಡೇ. ಊಟಕ್ಕೆ ಹೇಗೆ ಮಾಡ್ತೀರಿ? ಭಾಷೆಗೆ ಹೇಗೆ ಮಾಡ್ತೀರಿ? ಕುಸುಬಲಕ್ಕಿ ಅನ್ನವೂ ಒಗ್ಗುತ್ತದೆ, ಮಲಯಾಳವೂ ಒಗ್ಗುತ್ತದೆ ಅಂದರೆ ಅವರಿಗೆ ಸಮಾಧಾನ. ದೇವರಿಗೆ ಹೇಗೆ ಮಾಡ್ತೀರಿ ಅಂತ ಮಾತ್ರ ಇಲ್ಲಿಯವರೆಗೆ ಯಾರೂ ಕೇಳಿಲ್ಲ. ದೇವರು ಎಲ್ಲ ಕಡೆ ಇದ್ದಾನಲ್ಲ, ಅದನ್ನೇನು ಕೇಳೋದು ಅಂದುಕೊಳ್ಳುತ್ತಾರೋ ಏನೋ. ಆದರೆ ನಮ್ಮ ಜನರ ದೇವರು ಎಲ್ಲ ಕಡೆ ಇರುವ ದೇವರಲ್ಲ. ಇಂಥ ಗುಡ್ಡದ ಮೇಲೆ, ಇಂಥ ಹಟ್ಟಿಯಲ್ಲಿ, ಇಂಥ ಮರದ ಬುಡದಲ್ಲಿ ಇರುವವನು. ಅವನನ್ನು ಅಲ್ಲೇ ಬಿಟ್ಟು ರೈಲು ಹತ್ತಿದವರ ಭಕ್ತಿ ಏನಾಗುತ್ತದೆ? ಅದು ಜತೆಗೆ ಬರುತ್ತದೆಯೋ, ಅಲ್ಲೇ ಉಳಿಯುತ್ತದೆಯೋ?

ನಾನು ಅಂಥ ದೊಡ್ಡ ಭಕ್ತನೇನಲ್ಲ. ಎಂ.ಕಾಂ. ಓದಿ, ರಾಷ್ಟ್ರೀಕೃತ ಬ್ಯಾಂಕೊಂದರಲ್ಲಿ ಮೂವತ್ತೇಳು ವರ್ಷ ಲೆಕ್ಕ ಬರೆದು, ಲೆಕ್ಕ ತಪಾಸಣೆ ಮಾಡಿ ನಿವೃತ್ತನಾದವನು. ದೇವರ ವಿಷಯದಲ್ಲಿ ನನ್ನ ಖಾತೆ ಬಹಳ ಕಾಲದಿಂದ ವಹಿವಾಟಿಲ್ಲದ ಖಾತೆ. ಈ ಪ್ರಶ್ನೆ ನನ್ನೊಳಗೆ ಹುಟ್ಟಿದ್ದು ನಮ್ಮ ಅವ್ವನಿಂದ. 2006ರಲ್ಲಿ ನನಗೆ ತಿರುವನಂತಪುರಕ್ಕೆ ವರ್ಗವಾಯಿತು. ಮರುವರ್ಷ ಅಪ್ಪ ತೀರಿಕೊಂಡ ಮೇಲೆ ಅವ್ವ ನಮ್ಮ ಜತೆ ಬಂದಳು. 2022ರಲ್ಲಿ ಕಣ್ಣು ಮುಚ್ಚುವವರೆಗೆ ತಂಪಾನೂರ್‌ನ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯ ಹಂಚಿನ ಮನೆಯಲ್ಲಿ ಇದ್ದಳು. ಅವಳ ವಯಸ್ಸು ಸರಿಯಾಗಿ ಗೊತ್ತಿಲ್ಲ. ಪಿಂಚಣಿ ಖಾತೆಗೆ ಜನ್ಮದಿನಾಂಕ ಬೇಕೆಂದಾಗ 1932ರ ಜನವರಿ 1 ಅಂತ ಬರೆಸಿದೆವು. ನಮ್ಮ ಕಡೆಯ ಮುದುಕರೆಲ್ಲ ಜನವರಿ ಒಂದರಂದೇ ಹುಟ್ಟಿದವರು! ಅವಳ ಲೆಕ್ಕ ಬೇರೆ. ‘ದೊಡ್ಡ ಬರದಾಗೆ ದನ ಬಿದ್ದೋದ್ವಲ್ಲ, ಆವಾಗ ನಂಗೆ ಹಲ್ಲು ಬಿದ್ದಿದ್ವು’ ಅನ್ನೋಳು.

ಅವ್ವ ಹುಟ್ಟಿ ಬೆಳೆದದ್ದು ಚಳ್ಳಕೆರೆ ತಾಲ್ಲೂಕಿನ ಒಂದು ಕಾವಲಿನ ಅಂಚಿನ ಗೊಲ್ಲರಹಟ್ಟಿಯಲ್ಲಿ. ಕಾವಲು ಅಂದರೆ ಏನೆಂದು ಈಗಿನವರಿಗೆ ಹೇಳಬೇಕು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳಿಗೆ ‘ಬೆಣ್ಣೆ ಚಾವಡಿ’ ಎಂಬ ಇಲಾಖೆಯೇ ಇತ್ತು. ಟಿಪ್ಪು ಅದಕ್ಕೆ ‘ಅಮೃತ್ ಮಹಲ್’ ಎಂದು ಹೆಸರಿಟ್ಟ. ಫಿರಂಗಿ ಗಾಡಿಗಳನ್ನು ಎಳೆಯುವ ಆ ಗಟ್ಟಿ ಎತ್ತುಗಳನ್ನು 1799ರ ನಂತರ ಇಂಗ್ಲಿಷರೂ ಬಿಡಲಿಲ್ಲ. ಆ ದನಗಳ ಮೇವಿಗಾಗಿ ಮೀಸಲಿಟ್ಟ ಹುಲ್ಲುಗಾವಲುಗಳೇ ಕಾವಲುಗಳು. ಚಿತ್ರದುರ್ಗ, ತುಮಕೂರು, ಚಿಕ್ಕಮಗಳೂರು, ಹಾಸನ ಸೀಮೆಯಲ್ಲಿ ಇವು ಸಾವಿರಾರು ಎಕರೆ ಹರಡಿದ್ದವು. ಉಳುವಂತಿಲ್ಲ, ಮನೆ ಕಟ್ಟುವಂತಿಲ್ಲ. ಹುಲ್ಲು, ಕುರುಚಲು ಗಿಡ, ಕೃಷ್ಣಮೃಗ, ಮೇಲೆ ಆಕಾಶ.

ಅರಮನೆಯ ದನಗಳಲ್ಲದೆ ಅಲ್ಲಿ ಮೇಯುತ್ತಿದ್ದ ಇನ್ನೊಂದು ಬಗೆಯ ದನ ಉಂಟು. ದೇವರ ದನ. ಚಳ್ಳಕೆರೆ, ಮೊಳಕಾಲ್ಮೂರು ಕಡೆ ಮ್ಯಾಸ ನಾಯಕರಲ್ಲೂ ಕಾಡುಗೊಲ್ಲರಲ್ಲೂ ದೇವರಿಗೆ ಬಿಟ್ಟ ಹಿಂಡುಗಳು ಈಗಲೂ ಇವೆ. ಅವನ್ನು ಮಾರುವಂತಿಲ್ಲ, ನೊಗಕ್ಕೆ ಹೂಡುವಂತಿಲ್ಲ. ಕಾಯುವವನನ್ನು ಕಿಲಾರಿ ಅನ್ನುತ್ತಾರೆ. ಅವನು ಹಿಂಡಿನ ಜತೆಯೇ ಬಾಳುತ್ತಾನೆ. ನಮ್ಮ ತಾತ, ಅಂದರೆ ಅವ್ವನ ಅಪ್ಪ, ಅಂಥ ಹಿಂಡೊಂದನ್ನು ಕಾಯುತ್ತಿದ್ದ. ರೊಪ್ಪದ ಸಗಣಿ ಬಾಚುತ್ತಾ, ಕರು ಬಿಡುತ್ತಾ, ಗಣೆಯ ಮೇಲೆ ಜುಂಜಪ್ಪನ ಪದ ಕೇಳುತ್ತಾ ಅವ್ವ ಬೆಳೆದಳು. ಗಣೆ ಅಂದರೆ ನಮ್ಮವರ ಉದ್ದನೆಯ ಬಿದಿರಿನ ಕೊಳಲು. ಜುಂಜಪ್ಪ ನಮ್ಮ ದನಗಾಹಿ ದೈವ. ಶಿರಾ ತಾಲ್ಲೂಕಿನ ಕಳುವರಹಳ್ಳಿಯಲ್ಲಿ ಅವನ ಗುಡ್ಡೆ ಇದೆ.

ಬ್ಯಾಂಕಿನವನಾದ ನನಗೆ ಈ ದೇವರ ದನದ ವ್ಯವಸ್ಥೆ ಬಹಳ ದಿನ ತಲೆ ತಿನ್ನುತ್ತಿತ್ತು. ಒಡೆಯ ಕಣ್ಣಿಗೆ ಕಾಣೋದಿಲ್ಲ. ಎಷ್ಟು ಕರು ಹಾಕಿತು, ಎಷ್ಟು ಸತ್ತಿತು ಅಂತ ಬಂದು ಕೇಳೋದಿಲ್ಲ. ಕಾಯುವವನಿಗೆ ಲಾಭವೂ ಇಲ್ಲ. ಹಾಗಿದ್ದರೂ ಬರಗಾಲದಲ್ಲಿ ಮನೆಯ ಮಕ್ಕಳಿಗಿಂತ ಮೊದಲು ಆ ಹಿಂಡಿನ ಮೇವಿಗೆ ಓಡಾಡುತ್ತಾರೆ. ಒಮ್ಮೆ ಅವ್ವನನ್ನೇ ಕೇಳಿದ್ದೆ: ‘ಅವ್ವಾ, ಯಾರೂ ನೋಡ್ತಿರ್ಲಿಲ್ವಲ್ಲ, ಒಂದು ಕರು ಮಾರ್ಕೊಂಡಿದ್ರೆ ಏನಾಗ್ತಿತ್ತು?’ ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ‘ನಮ್ದಲ್ವಲ್ಲೋ’ ಅಂದಳು. ಪಾಪ ಬರುತ್ತೆ, ದೇವರು ಕಣ್ಣು ಕೀಳುತ್ತಾನೆ ಅಂತೇನೂ ಅನ್ನಲಿಲ್ಲ. ನಮ್ದಲ್ಲ, ಅಷ್ಟೇ.

ಭಕ್ತಿಯಲ್ಲಿ ಎರಡು ಬಗೆ ಇದೆ ಅಂತ ನನಗೆ ಅವತ್ತು ಹೊಳೆಯಿತು. ಒಂದು ಠೇವಣಿಯ ಭಕ್ತಿ. ಹರಕೆ ಕಟ್ಟುತ್ತೇವೆ, ಮುಡಿಪು ಇಡುತ್ತೇವೆ, ಅವಧಿ ಮುಗಿದಾಗ ಬಡ್ಡಿ ಸಮೇತ ಬರಲಿ ಅಂತ ಕಾಯುತ್ತೇವೆ. ನಮ್ಮಲ್ಲಿ ಬಹುಪಾಲು ಜನರದು ಇದೇ. ತಪ್ಪೇನಿಲ್ಲ, ಕಷ್ಟದಲ್ಲಿ ಮನುಷ್ಯ ಇನ್ನೇನು ಮಾಡಿಯಾನು? ಇನ್ನೊಂದು ಕಾವಲಿನ ಭಕ್ತಿ. ನಮ್ಮದಲ್ಲದ್ದನ್ನು ನಮ್ಮದಕ್ಕಿಂತ ಹೆಚ್ಚು ಜೋಪಾನವಾಗಿ ನೋಡಿಕೊಂಡು ಮುಂದಿನವರ ಕೈಗೆ ದಾಟಿಸುವುದು. ಅವ್ವ ದೇವರ ಹತ್ತಿರ ಏನಾದರೂ ಕೇಳಿದ್ದನ್ನು ನಾನು ನೋಡಲಿಲ್ಲ. ಕೈ ಮುಗಿಯೋಳು, ‘ಇದೀನಪ್ಪ’ ಅನ್ನೋಳು. ಹಾಜರಿ ಹೇಳಿದ ಹಾಗೆ.

ಇಂಥವಳು ತಂಪಾನೂರ್‌ಗೆ ಬಂದಳು. ಓಣಿ ದಾಟಿದರೆ ಒಂದು ಕಡೆ ರೈಲ್ವೆ ಸ್ಟೇಷನ್ನು, ಎದುರಿಗೇ ಬಸ್ ಸ್ಟ್ಯಾಂಡು. ಹಗಲು ರಾತ್ರಿ ಜನ ಇಳಿಯುತ್ತಲೇ ಇರುತ್ತಾರೆ, ಹತ್ತುತ್ತಲೇ ಇರುತ್ತಾರೆ. ನಮ್ಮ ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕಿನವಳು ವರ್ಷಕ್ಕೆ ಎರಡು ಮಳೆಗಾಲದ ಊರಿಗೆ ಬಂದಿದ್ದಳು. ಮೊದಲ ಜೂನ್‌ನಲ್ಲಿ ಓಣಿಯಲ್ಲಿ ಮೊಳಕಾಲುದ್ದ ನೀರು ನಿಂತಾಗ ಅವಳ ಮುಖ ನೋಡಬೇಕಿತ್ತು. ‘ಇಷ್ಟು ನೀರು ಯಾರ್ಗೂ ಬ್ಯಾಡ್ವೇನ್ಲಾ?’ ಅಂತ ಜಗಲಿಯ ಮೇಲೆ ಕೂತು ಮರುಗಿದಳು. ದನ ಇಲ್ಲ, ಹುಲ್ಲಿಲ್ಲ, ಹಟ್ಟಿ ಇಲ್ಲ, ಮಾತಾಡಲು ಜನ ಇಲ್ಲ. ಪದ್ಮನಾಭಸ್ವಾಮಿ ದೇವಸ್ಥಾನ ಒಂದು ಕಿಲೋಮೀಟರಿನ ಆಸುಪಾಸಿನಲ್ಲಿದೆ. ಕರೆದುಕೊಂಡು ಹೋದೆ. ಕೈ ಮುಗಿದು, ‘ದೊಡ್ಡ ಸಾವ್ಕಾರ ಇದ್ದಂಗವ್ನೆ, ನಮ್ಮಂಥೋರ ಗುರ್ತು ಸಿಕ್ಕುತ್ತೋ ಇಲ್ವೋ’ ಅಂದಳು.

ಇನ್ನು ಇವಳ ಭಕ್ತಿ ಸೊರಗುತ್ತದೆ ಅಂತ ನಾವು ಅಂದುಕೊಂಡೆವು. ಹಾಗಾಗಲಿಲ್ಲ. ಕಾಯಲು ಅವಳಿಗೆ ಬೇರೆಯದು ಸಿಕ್ಕಿತು. ನವೆಂಬರ್ ಬಂತೆಂದರೆ ಶಬರಿಮಲೆಯ ಕಾಲ. ಮಲೆಯಿಂದ ಇಳಿದ ನಮ್ಮ ಕಡೆಯ ಸ್ವಾಮಿಗಳು ಪದ್ಮನಾಭನನ್ನು ನೋಡಿ ಕನ್ಯಾಕುಮಾರಿಗೆ ಹೋಗಲು ತಂಪಾನೂರ್‌ನಲ್ಲಿ ಇಳಿಯುತ್ತಾರೆ. ಓಣಿಯಲ್ಲಿ ಕನ್ನಡ ಕಿವಿಗೆ ಬಿದ್ದರೆ ಸಾಕು, ಅವ್ವ ಜಗಲಿಯಿಂದಲೇ ಕೂಗೋಳು: ‘ಯಾವ್ ಕಡೆಯೋರಪ್ಪಾ?’ ದಾವಣಗೆರೆ, ಹಿರಿಯೂರು, ಕೋಲಾರ... ಎಲ್ಲಿಯವರಾದರೂ ಸರಿ. ‘ಗಂಟು ಇಲ್ಲೇ ಇಟ್ಟೋಗ್ರಪ್ಪ, ನಾನ್ ನೋಡ್ಕಂತೀನಿ.’ ಅವರು ಬ್ಯಾಗುಗಳನ್ನು ಜಗಲಿಗೆ ಪೇರಿಸಿ ಹೋಗೋರು. ಸಂಜೆ ಬರುವವರೆಗೆ ಅವ್ವ ಕದಲುತ್ತಿರಲಿಲ್ಲ. ಊಟವೂ ಅಲ್ಲೇ. ಒಬ್ಬ ಯಾವನೋ ಐವತ್ತು ರೂಪಾಯಿ ಕೊಡಲು ಹೋಗಿ ಬೈಸಿಕೊಂಡ. ಮೂರು ನಾಲ್ಕು ವರ್ಷದಲ್ಲಿ ಎದುರು ಮನೆಯ ಮಲಯಾಳಿಗಳೂ ಬೀಗದ ಕೈ, ಹಾಲಿನ ಪಾತ್ರೆ, ಒಮ್ಮೊಮ್ಮೆ ಕೂಸುಗಳನ್ನೂ ಈ ‘ಕನ್ನಡ ಅಮ್ಮೂಮ್ಮ’ನ ವಶಕ್ಕೆ ಕೊಟ್ಟು ಹೋಗುವ ಹಾಗಾಯಿತು. ಜುಂಜಪ್ಪನ ಗುಡ್ಡೆ ಅಲ್ಲೇ ಉಳಿದಿತ್ತು. ಆದರೆ ಕಾಯುವ ಕೆಲಸ ರೈಲು ಹತ್ತಿ ಬಂದಿತ್ತು.

ಇಷ್ಟಕ್ಕೇ ನಿಲ್ಲಿಸಿದರೆ ಇದು ತಾಯಿಯ ಗುಣಗಾನ ಆದೀತು. ಪ್ರಶ್ನೆ ಅಷ್ಟು ಸುಲಭವಾಗಿಲ್ಲ.

ಗೊಲ್ಲರಹಟ್ಟಿಯ ಸುತ್ತ ಮುಳ್ಳಿನ ಬೇಲಿ ಇರುತ್ತದೆ. ನಮ್ಮವರು ಕಳ್ಳೆ ಅನ್ನುತ್ತಾರೆ. ತೋಳ, ಚಿರತೆಗಳಿಂದ ದನ ಕುರಿ ಉಳಿಸಿಕೊಳ್ಳಲು ಹಾಕಿದ್ದು. ಬೇಲಿಯ ಒಳಗಿನದು ದೇವರ ನೆಲ. ಆ ನೆಲ ಮೈಲಿಗೆ ಆಗಬಾರದು ಎಂದು ಮುಟ್ಟಾದ ಹೆಂಗಸನ್ನು ಬೇಲಿಯ ಹೊರಗೆ ಕೂರಿಸುತ್ತಿದ್ದರು. ಹೆತ್ತವಳನ್ನೂ ಅಷ್ಟೇ. ಹಸುಗೂಸಿನ ಜತೆ ವಾರಗಟ್ಟಲೆ ಹೊರಗಿನ ಗುಡಿಸಲು. ಅವ್ವನೂ ಹಾಗೇ ಇದ್ದವಳು. ನನ್ನ ಹಿಂದೆ ಹುಟ್ಟಿದ ತಂಗಿ ಅಂಥ ಗುಡಿಸಲಿನಲ್ಲೇ, ಮಳೆಯ ಒಂದು ರಾತ್ರಿ, ಶೀತಕ್ಕೆ ಹೋಯಿತು. ಇದು ಹಳೆಯ ಕಾಲದ ಕಥೆ ಅಂದುಕೊಳ್ಳಬೇಡಿ. ಕರ್ನಾಟಕದಲ್ಲಿ 2017ರಲ್ಲಿ ಮೂಢನಂಬಿಕೆಯ ಅಮಾನವೀಯ ಆಚರಣೆಗಳ ವಿರುದ್ಧ ಕಾನೂನು ಬಂದು, 2020ರಲ್ಲಿ ಜಾರಿಯಾದ ನಂತರವೂ, 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಊರಾಚೆ ಗುಡಿಸಲಲ್ಲಿದ್ದ ಬಾಣಂತಿಯ ಹಸುಗೂಸು ತೀರಿಕೊಂಡದ್ದು ಪತ್ರಿಕೆಗಳಲ್ಲಿ ಬಂತು.

2018ರ ಸೆಪ್ಟೆಂಬರ್ 28ರಂದು ಶಬರಿಮಲೆಗೆ ಎಲ್ಲ ವಯಸ್ಸಿನ ಹೆಂಗಸರೂ ಹೋಗಬಹುದೆಂದು ಸುಪ್ರೀಂ ಕೋರ್ಟು ಹೇಳಿತಲ್ಲ, ಆಗ ತಿರುವನಂತಪುರ ಕುದಿಯುತ್ತಿತ್ತು. ಮೆರವಣಿಗೆ, ಹರತಾಳ, 2019ರ ಜನವರಿ 1ರಂದು ಹೆಂಗಸರ ಗೋಡೆ. ನಮ್ಮ ಮನೆಯಲ್ಲೂ ಅದೇ ಮಾತು. ಕಾಲೇಜಿನಲ್ಲಿದ್ದ ಮಗಳು ಅಜ್ಜಿಯನ್ನು ನೇರವಾಗಿ ಹಿಡಿದಳು. ‘ಅಜ್ಜೀ, ನಿನ್ನನ್ನ ಹೊರಗೆ ಹಾಕಿದ ದೇವರಿಗೆ ಇನ್ನೂ ಕೈ ಮುಗೀತೀಯಲ್ಲ, ನಿಂಗೆ ಸಿಟ್ಟು ಬರಲ್ವಾ?’

ಅವ್ವ ಎಲೆ ಅಡಿಕೆ ಜಗಿಯುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹೊರಗೆ ಹಾಕಿದ್ದು ಹಟ್ಟಿಯೋರು ಕಣವ್ವ. ದ್ಯಾವ್ರು ಅಲ್ಲ’ ಅಂದಳು.

‘ಹಾಗಾದ್ರೆ ಹಟ್ಟಿಯೋರ ಮಾತು ಯಾಕೆ ಕೇಳ್ದೆ? ಅಮ್ಮ ಮದುವೆಯಾಗಿ ಬಂದಾಗ ಅವಳನ್ನೂ ಹೊರಗೆ ಕೂರಿಸ್ದೆಯಂತಲ್ಲ?’

ಇದಕ್ಕೆ ಅವ್ವನ ಹತ್ತಿರ ಉತ್ತರ ಇರಲಿಲ್ಲ. ‘ನಂಗೆ ಕೊಟ್ಟಿದ್ದನ್ನ ನಾನು ಕೊಟ್ಟೆ’ ಅಂದಳು. ಅಡುಗೆ ಮನೆಯಲ್ಲಿದ್ದ ನನ್ನ ಹೆಂಡತಿ ಏನೂ ಮಾತಾಡಲಿಲ್ಲ.

ಆ ಒಂದು ವಾಕ್ಯದಲ್ಲಿ ಕಾವಲಿನ ಭಕ್ತಿಯ ಹಿರಿಮೆಯೂ ಇದೆ, ಅಪಾಯವೂ ಇದೆ. ಕಾಯುವವನು ತನಗೆ ಕೊಟ್ಟದ್ದನ್ನೆಲ್ಲ ಮುಂದಕ್ಕೆ ದಾಟಿಸುತ್ತಾನೆ. ಎಣಿಸಿ ನೋಡುವುದಿಲ್ಲ, ಬೇಡದ್ದನ್ನು ತೆಗೆದು ಬಿಸಾಡುವುದಿಲ್ಲ. ದನದ ಜತೆಗೆ ಬೇಲಿಯನ್ನೂ ದಾಟಿಸಿಬಿಡುತ್ತಾನೆ. ಠೇವಣಿಯ ಭಕ್ತನಾದರೂ ಬಡ್ಡಿ ಬರದಿದ್ದರೆ ಖಾತೆ ಬದಲಿಸಿಯಾನು. ಇವನು ಅದನ್ನೂ ಮಾಡುವುದಿಲ್ಲ. ನೂರಾರು ವರ್ಷ ಇಷ್ಟೊಂದು ಒಳ್ಳೆಯ ಹೆಂಗಸರು ಇಷ್ಟೊಂದು ಮುಳ್ಳನ್ನು ತಮ್ಮ ಸೊಸೆಯಂದಿರ ಮಡಿಲಿಗೆ ಹಾಕಿದ್ದು ಕೆಟ್ಟತನದಿಂದ ಅಲ್ಲ, ನಿಷ್ಠೆಯಿಂದ. ನಿಷ್ಠೆ ದೊಡ್ಡ ಗುಣ ಅನ್ನುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹಾಗಾದರೆ ಬೇಲಿ ಕಿತ್ತರೆ ದನ ಹೋಗುತ್ತದೆಯೇ? ಹೋಗುತ್ತದೆ ಅಂತಲೇ ಎಲ್ಲ ಕಾಲದ ಹಿರಿಯರೂ ಹೆದರಿಸಿದ್ದು. ಈ ಊರಿನಲ್ಲೇ ಅದಕ್ಕೆ ಉತ್ತರ ಇದೆ. 1936ರ ನವೆಂಬರ್ 12ರಂದು ತಿರುವಾಂಕೂರಿನ ಮಹಾರಾಜ ಚಿತ್ತಿರ ತಿರುನಾಳ್ ಅವರು ಸಂಸ್ಥಾನದ ದೇವಸ್ಥಾನಗಳನ್ನು ಎಲ್ಲ ಜಾತಿಯ ಹಿಂದೂಗಳಿಗೆ ತೆರೆದರು. ಅದಕ್ಕೆ ಮುಂಚೆ ಕೆಳಗಿನ ಜಾತಿಯವರು ದೇವಸ್ಥಾನದ ಒಳಗೆ ಬರುವಂತಿರಲಿಲ್ಲ. ಅಷ್ಟು ದೊಡ್ಡ ಬೇಲಿ ಒಂದು ದಿನದ ಆಜ್ಞೆಯಲ್ಲಿ ಹೋಯಿತು. ದೇವರು ಹೋದನೇ? ದನ ಕಾಯುವವರ ಮಗಳು ಅವ್ವ ಆ ಬಾಗಿಲು ದಾಟಿ ಹೋಗಿ ಕೈ ಮುಗಿದು ಬಂದದ್ದು ಬೇಲಿ ಬಿದ್ದಿದ್ದರಿಂದಲೇ.

ಇಲ್ಲಿನ ತುಂಬಾ ಕಡಲ ತೀರದ ಕಥೆ ನಿಮಗೂ ಗೊತ್ತಿರಬಹುದು. 1960ರ ದಶಕದ ಮೊದಲಲ್ಲಿ ರಾಕೆಟ್ ಹಾರಿಸಲು ವಿಕ್ರಂ ಸಾರಾಭಾಯಿ ಅವರಿಗೆ ಜಾಗ ಬೇಕಾಯಿತು. ಆ ಜಾಗದಲ್ಲಿ ಮೀನುಗಾರರ ಮೇರಿ ಮ್ಯಾಗ್ಡಲೀನ್ ಚರ್ಚು ಇತ್ತು. ಬಿಷಪ್ ಪೀಟರ್ ಬರ್ನಾರ್ಡ್ ಪೆರೇರಾ ಅವರು ಭಾನುವಾರದ ಪ್ರಾರ್ಥನೆಯಲ್ಲಿ ಜನರನ್ನೇ ಕೇಳಿ ಒಪ್ಪಿಸಿದರು ಅಂತ ಅಬ್ದುಲ್ ಕಲಾಂ ಹೇಳುತ್ತಿದ್ದರು. ಚರ್ಚೇ ಕಚೇರಿಯಾಯಿತು. 1963ರ ನವೆಂಬರ್ 21ರಂದು ಮೊದಲ ರಾಕೆಟ್ ಹಾರಿತು. ಈಗ ಆ ಕಟ್ಟಡ ಬಾಹ್ಯಾಕಾಶ ಮ್ಯೂಸಿಯಂ. ದೇವರ ಮನೆ ಬಿಟ್ಟುಕೊಟ್ಟ ಆ ಜನ ಭಕ್ತಿ ಬಿಟ್ಟರೇ? ಬೇರೆ ಕಡೆ ಚರ್ಚು ಕಟ್ಟಿಕೊಂಡರು, ಪ್ರಾರ್ಥನೆ ಮುಂದುವರಿಸಿದರು. ಕಟ್ಟಡ ದನವಲ್ಲ ಎಂದು ಅವರಿಗೆ ಗೊತ್ತಿತ್ತು.

ಇಲ್ಲಿಗೆ ವಾದ ಚೆಂದವಾಗಿ ಮುಗಿಯಿತು ಅಂದುಕೊಳ್ಳುವಾಗ ಚಳ್ಳಕೆರೆಯ ಕಾವಲು ಅಡ್ಡ ಬರುತ್ತದೆ. 2009ರ ನಂತರ ಅಲ್ಲಿನ ಅಮೃತ್ ಮಹಲ್ ಕಾವಲುಗಳ ಸುಮಾರು 10,000 ಎಕರೆ ರಕ್ಷಣೆ, ವಿಜ್ಞಾನ, ಬಾಹ್ಯಾಕಾಶ, ಅಣುಶಕ್ತಿ ಸಂಸ್ಥೆಗಳಿಗೆ ಹಂಚಿಕೆಯಾಯಿತು. ಹಳ್ಳಿಗರ ತಕರಾರು 2013ರಲ್ಲಿ ಹಸಿರು ನ್ಯಾಯಮಂಡಳಿಯ ಮುಂದೂ ಬಂತು. ದೇಶಕ್ಕೆ ವಿಜ್ಞಾನ ಬೇಡವೆ? ಬೇಕು. ಆದರೆ ತುಂಬಾದಲ್ಲಿ ಕೊಟ್ಟದ್ದು ಕಟ್ಟಡ, ಚಳ್ಳಕೆರೆಯಲ್ಲಿ ಹೋದದ್ದು ಹುಲ್ಲು. ಬೇಲಿ ಇಲ್ಲದೆ ದನ ಬದುಕುತ್ತದೆ, ಮೇವಿಲ್ಲದೆ ಬದುಕುವುದಿಲ್ಲ. ಅವ್ವನಿಗೆ ಈ ಸುದ್ದಿ ಹೇಳಿದಾಗ ಅವಳು ಯಾರನ್ನೂ ಬೈಯಲಿಲ್ಲ. ‘ದನ ಎಲ್ಲಿಗೆ ಹೊಡೀತಾರಂತೆ?’ ಅಂತಷ್ಟೇ ಕೇಳಿದಳು.

ಆ ಪ್ರಶ್ನೆ ಪರಊರಿನಲ್ಲಿರುವ ನಮ್ಮೆಲ್ಲರ ಪ್ರಶ್ನೆಯೂ ಹೌದು. ಭಕ್ತಿಗೂ ಮೇವು ಬೇಕು. ಅವ್ವನಿಗೆ ನೂರಾರು ಪದ ಬಾಯಿಗೆ ಬರುತ್ತಿತ್ತು. ಆದರೆ ಆ ಪದಗಳನ್ನು ಒಬ್ಬರು ಹೇಳಿ ಇನ್ನೊಬ್ಬರು ಸೊಲ್ಲು ಹಿಡಿಯಬೇಕು. ತಂಪಾನೂರ್‌ನಲ್ಲಿ ಸೊಲ್ಲು ಹಿಡಿಯುವವರು ಯಾರು? ಮೊದಮೊದಲು ಪಾತ್ರೆ ತೊಳೆಯುತ್ತಾ ಗುನುಗುತ್ತಿದ್ದಳು. ಆಮೇಲೆ ಒಂದೊಂದೇ ಸಾಲು ಮರೆಯಿತು. ನಾನು ನಿವೃತ್ತನಾದ ಮೇಲೆ ಬರೆದುಕೊಳ್ಳಲು ಕೂತರೆ, ‘ಕೇಳೋರಿಲ್ದೆ ಪದ ಬರಲ್ಲ ಕಣಪ್ಪ’ ಅಂದಳು. ನಾನು ಕೇಳುತ್ತಿದ್ದೆನಲ್ಲ? ಆದರೆ ಅವಳು ಹೇಳಿದ ಕೇಳುವಿಕೆ ಬೇರೆ. ಇದು ಪರಊರಿನ ಬದುಕಿನ ನಿಜವಾದ ನಷ್ಟ. ಊಟದ್ದಲ್ಲ, ಭಾಷೆಯದ್ದೂ ಪೂರ್ತಿ ಅಲ್ಲ. ಎದುರಿನಿಂದ ಸೊಲ್ಲು ಬರದಿರುವುದು.

ಲಾಭದ ಕಡೆಯನ್ನೂ ಬರೆಯಬೇಕು. ಎರಡು ಕೋಣೆಯ ಮನೆಯಲ್ಲಿ ‘ಹೊರಗೆ’ ಎಂಬ ಜಾಗವೇ ಇರಲಿಲ್ಲ. ಜಗಲಿಗೆ ಬಂದರೆ ರಸ್ತೆ, ಆಟೋದವರು. ನನ್ನ ಹೆಂಡತಿಯನ್ನು ಎಲ್ಲಿ ಕೂರಿಸುವುದು? ಮೊದಲ ತಿಂಗಳು ಅವ್ವ ಚಡಪಡಿಸಿದಳು, ಎರಡನೆಯ ತಿಂಗಳು ನೋಡಿಯೂ ನೋಡದ ಹಾಗಿದ್ದಳು, ಮೂರನೆಯ ತಿಂಗಳಿಗೆ ಆ ಮಾತೇ ಹೋಯಿತು. ಯಾವ ವಿಚಾರವಾದಿಯೂ ಬಂದು ತಿದ್ದಲಿಲ್ಲ. ಜಾಗ ತಿದ್ದಿತು. ಮುಂದೆ ಮಗಳ ಸರದಿ ಬಂದಾಗ ಅವ್ವನೇ ಬಿಸಿನೀರು ಕಾಯಿಸಿ ಕೊಟ್ಟಳು.

ಆಟ್ಟುಕಾಲ್ ಪೊಂಗಾಲದ ದಿನ ಇನ್ನೊಂದು ನೋಡಿದೆ. ಕುಂಭ ಮಾಸದಲ್ಲಿ ನಡೆಯುವ ಈ ಹಬ್ಬಕ್ಕೆ ಲಕ್ಷಗಟ್ಟಲೆ ಹೆಂಗಸರು ಬರುತ್ತಾರೆ. 2009ರಲ್ಲಿ 25 ಲಕ್ಷ ಎಂದು ಗಿನ್ನೆಸ್ ದಾಖಲೆ. ದೇವಸ್ಥಾನದಿಂದ ತಂಪಾನೂರ್‌ವರೆಗೆ, ಅದರಾಚೆಗೂ, ರಸ್ತೆಯ ಎರಡೂ ಬದಿ ಇಟ್ಟಿಗೆಯ ಒಲೆಗಳು. ದೇವಸ್ಥಾನದ ಒಲೆಯಲ್ಲಿ ಹೊತ್ತಿಸಿದ ಬೆಂಕಿ ಒಲೆಯಿಂದ ಒಲೆಗೆ ದಾಟುತ್ತಾ ಬರುತ್ತದೆ. ಪಕ್ಕದವಳ ಜಾತಿ ಯಾವುದು, ಊರು ಯಾವುದು ಅಂತ ಯಾರೂ ಕೇಳುವುದಿಲ್ಲ. ಮುಟ್ಟಿನ ಕಟ್ಟುಪಾಡು ಅಲ್ಲೂ ಉಂಟು, ಅದನ್ನು ಮುಚ್ಚಿಡಬಾರದು. ಆದರೆ ಆ ಒಂದು ಹಗಲು ಹೆಂಗಸರಿಗೆ ‘ಹೊರಗೆ’ ಎಂಬುದೇ ಇಲ್ಲ. ಇಡೀ ಪೇಟೆಯೇ ಒಳಗೆ. ನಮ್ಮ ಓಣಿಯ ತುದಿಯಲ್ಲಿ ಅವ್ವನೂ ಮೂರು ಇಟ್ಟಿಗೆ ಇಟ್ಟು, ಮಣ್ಣಿನ ಮಡಕೆಯಲ್ಲಿ ಅಕ್ಕಿ ಬೆಲ್ಲ ಬೇಯಿಸಿದಳು. ಅಕ್ಕಪಕ್ಕದವರ ಪದ ಅವಳಿಗೆ ಬಾರದು, ಅವಳ ಪದ ಅವರಿಗೆ ಬಾರದು. ಬೆಂಕಿಯನ್ನು ಮಾತ್ರ ಒಬ್ಬರಿಂದ ಪಡೆದು ಇನ್ನೊಬ್ಬರಿಗೆ ಕೊಟ್ಟಳು. ಅಲ್ಲಿ ಸೊಲ್ಲು ಹಿಡಿದ ಹಾಗೇ ಆಯಿತು ಅಂತ ನನಗೆ ಅನ್ನಿಸಿತು. ಹಬ್ಬ ಮುಗಿದ ಮೇಲೆ ಆ ಇಟ್ಟಿಗೆಗಳನ್ನು ನಗರಸಭೆಯವರು ಒಟ್ಟುಮಾಡಿ ಬಡವರ ಮನೆ ಕಟ್ಟಲು ಕೊಡುತ್ತಾರೆ ಅಂತ ಕೇಳಿದಾಗ ಅವಳಿಗೆ ಆದ ಸಂತೋಷ ಪೊಂಗಾಲಕ್ಕಿಂತ ಹೆಚ್ಚು.

ಕಾದವರು ಕೊನೆಗೆ ತಮಗೆಂದು ಏನನ್ನಾದರೂ ಇಟ್ಟುಕೊಳ್ಳಬಾರದೆ? 2018ರಲ್ಲಿ ಆಲಪ್ಪುಳ ಜಿಲ್ಲೆಯ ಕಾರ್ತ್ಯಾಯನಿ ಅಮ್ಮ ತಮ್ಮ 96ನೆಯ ವಯಸ್ಸಿನಲ್ಲಿ ಸಾಕ್ಷರತಾ ಪರೀಕ್ಷೆಯಲ್ಲಿ ನೂರಕ್ಕೆ 98 ಅಂಕ ತೆಗೆದರು. ಜೀವಮಾನವೆಲ್ಲ ದೇವಸ್ಥಾನಗಳ ಅಂಗಳ ಗುಡಿಸಿ ಬದುಕಿದವರು. 2023ರಲ್ಲಿ, 101ರಲ್ಲಿ ತೀರಿಕೊಂಡರು. ಟಿವಿಯಲ್ಲಿ ಅವರನ್ನು ನೋಡಿ ಮಗಳು ಅಜ್ಜಿಗೂ ಸ್ಲೇಟು ತಂದಳು. ಅವ್ವ ಎರಡು ದಿನ ಗೀಚಿ ಇಟ್ಟುಬಿಟ್ಟಳು. ಕಡೆಯವರೆಗೂ ಹೆಬ್ಬೆಟ್ಟೇ. ಭಕ್ತಿ ಒಬ್ಬರನ್ನು ಅಕ್ಷರದವರೆಗೆ ಒಯ್ಯುತ್ತದೆ, ಇನ್ನೊಬ್ಬರನ್ನು ಇದ್ದಲ್ಲೇ ಇರಿಸುತ್ತದೆ. ಇದರಲ್ಲಿ ಯಾವುದು ಮೇಲು ಅಂತ ತೀರ್ಪು ಕೊಡಲು ನನಗೆ ಧೈರ್ಯವಿಲ್ಲ.

ಇಷ್ಟು ಮಾತ್ರ ಹೇಳಬಲ್ಲೆ. ಊರಿನಲ್ಲಿ ದನ, ಬೇಲಿ, ಮೇವು ಮೂರೂ ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಒಂದನ್ನು ಮುಟ್ಟಿದರೆ ಇನ್ನೊಂದು ಅಳುತ್ತದೆ. ಪರಊರು ಅವನ್ನು ಬಿಡಿಸಿ ತೋರಿಸುತ್ತದೆ. ಬೇಲಿ ಉದುರುತ್ತದೆ, ಅದಕ್ಕೆ ಅಳಬೇಕಾಗಿಲ್ಲ. ಮೇವು ಕಡಿಮೆಯಾಗುತ್ತದೆ, ಅದಕ್ಕೆ ಅಳಲೇಬೇಕು. ದನ ಉಳಿಯುತ್ತದೋ ಇಲ್ಲವೋ ಎಂಬುದು ಕಾಯುವವರ ಮೇಲೆ. ಊರಿನಲ್ಲೇ ಇರುವ ನೀವು ರೈಲು ಹತ್ತದೆಯೇ ಈ ಮೂರನ್ನು ಬೇರೆ ಮಾಡಿ ನೋಡಬಲ್ಲಿರಾದರೆ ನಮಗಿಂತ ಜಾಣರು. ಹುಲ್ಲನ್ನೂ ಉಳಿಸಿಕೊಳ್ಳಬಹುದು, ಕಳ್ಳೆಯನ್ನೂ ಕೀಳಬಹುದು.

ಅವ್ವ ಹೋದ ವರ್ಷವೂ ನವೆಂಬರ್ ಬಂತು, ಸ್ವಾಮಿಗಳು ಬಂದರು. ಜಗಲಿ ಖಾಲಿ ಇದ್ದದ್ದನ್ನು ನೋಡಿ ಮುಂದೆ ಹೋಗುತ್ತಿದ್ದರು. ನನ್ನ ಹೆಂಡತಿ ಬಾಗಿಲಿಗೆ ಬಂದಳು. ಹೊರಗೆ ಕೂತು ಬಂದವಳು, ಅತ್ತೆಯ ಬಗ್ಗೆ ಅವಳಿಗೆ ಅವಳದೇ ಲೆಕ್ಕ ಉಂಟು, ಅದನ್ನು ಅವಳು ನನಗೂ ತೋರಿಸಿಲ್ಲ. ‘ಯಾವ್ ಕಡೆಯೋರು?’ ಅಂದಳು. ‘ಗಂಟು ಇಟ್ಟೋಗಿ, ನೋಡ್ಕೊಂತೀನಿ.’